ಪೆಟ್ಟಿಗೆ ಯಾಕೆ ತೆರೆಯಲಿಲ್ಲ? ಓದುಗರೇ ಆಡುವ ಒಗಟಿನ ಕಥೆ ಕಟ್ಟುವುದು, ತಿದ್ದುವುದು

ಪುತ್ತೂರಿನ ಕಡೆಯ ಒಂದು ಹಳೆಯ ಮನೆ ಅಂದುಕೊಳ್ಳಿ. ಅಜ್ಜಿ ತೀರಿಕೊಂಡು ವರ್ಷವಾಗಿದೆ. ಅಟ್ಟದ ಮೇಲೆ ಅವರ ಮರದ ಪೆಟ್ಟಿಗೆ, ಅದಕ್ಕೆ ಮೂರು ಚಕ್ರದ ನಂಬರ್ ಬೀಗ. ಪಕ್ಕದಲ್ಲಿ ಹದಿನಾಲ್ಕು ಗುಳಿಗಳ ಚೆನ್ನೆಮಣೆ. ಗುಳಿಗಳಲ್ಲಿ ಒಂದು ಕಾಯಿಯೂ ಇಲ್ಲ. ಅಜ್ಜಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದೇ ಸಾಲು: "ಮಣೆ ತುಂಬಿದಾಗ ಪೆಟ್ಟಿಗೆ ಬಾಯಿ ಬಿಡ್ತದೆ." ಬೀಗದ ಸಂಖ್ಯೆ ಎಷ್ಟು?

ಚೆನ್ನೆಮಣೆ ಆಡಿ ಬೆಳೆದ ಕರಾವಳಿಯವರಿಗೆ ಉತ್ತರ ಆಗಲೇ ಹೊಳೆದಿರುತ್ತದೆ: ಗುಳಿಗೆ ನಾಲ್ಕು ಕಾಯಿ, ಹದಿನಾಲ್ಕು ಗುಳಿ, ಒಟ್ಟು 56. ಉಳಿದವರು ಹದಿನಾಲ್ಕರಲ್ಲೇ ನಿಂತಿರುತ್ತಾರೆ. ಒಂದೇ ಕಥೆ, ಒಂದೇ ಪೆಟ್ಟಿಗೆ. ಒಬ್ಬರಿಗೆ ನೀರು ಕುಡಿದಷ್ಟು ಸುಲಭ, ಇನ್ನೊಬ್ಬರಿಗೆ ಕಥೆ ಅಲ್ಲಿಗೇ ಮುಗಿಯಿತು.

ಇಂಥ ಕಥೆಗಳಿಗೆ ಇಂಟರ್‌ಆಕ್ಟಿವ್ ಫಿಕ್ಷನ್ ಎನ್ನುತ್ತಾರೆ. ಓದುಗರು ಇಲ್ಲಿ ಬರೀ ಓದುವುದಿಲ್ಲ. ಕಥೆಯೊಳಗಿನ ಪಾತ್ರ ಮುಂದೆ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ, ಕಥೆ ಅದಕ್ಕೆ ತಕ್ಕ ಹಾಗೆ ಸಾಗುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರೆಂದು ಊಹಿಸಲಾಗದಿದ್ದರೂ ಹಾಳೆ ಮಗುಚಬಹುದು, ಕೊನೆಗೆ ಪತ್ತೇದಾರನೇ ಎಲ್ಲ ಬಿಡಿಸಿ ಹೇಳುತ್ತಾನೆ. ಇಲ್ಲಿ ಬಿಡಿಸದೆ ಹಾಳೆ ಮಗುಚುವುದಿಲ್ಲ. ಹಾಗಾಗಿ ಓದುಗರು ಏನು ಅಂದುಕೊಂಡರು, ಎಲ್ಲಿ ಸಿಕ್ಕಿಹಾಕಿಕೊಂಡರು ಎನ್ನುವುದು ಬರೆದು ಮುಗಿಸಿದ ಮೇಲೆ ಬರುವ ಅಭಿಪ್ರಾಯ ಮಾತ್ರವಲ್ಲ, ಬರವಣಿಗೆಯ ಅರ್ಧ ಭಾಗವೇ ಅದು.

ಈ ಪ್ರಕಾರದ ಮೊದಲ ಹೆಸರಾಂತ ಕೃತಿ ಇಂದಿನ ರೂಪಕ್ಕೆ ಬಂದದ್ದೂ ಒಬ್ಬ ಓದುಗರಿಂದಲೇ. ವಿಲ್ ಕ್ರೌಥರ್ ಅಮೆರಿಕದ ಪ್ರೋಗ್ರಾಮರ್, ಕೆಂಟಕಿಯ ಮ್ಯಾಮತ್ ಗುಹೆಗಳಿಗೆ ಇಳಿದು ನಕ್ಷೆ ಮಾಡುವುದು ಅವರ ಹವ್ಯಾಸ. 1970ರ ದಶಕದ ನಡುವಿನಲ್ಲಿ ಅವರು ಆ ಗುಹೆಯನ್ನೇ ಮಾತಿನಲ್ಲಿ ಕಟ್ಟಿ, ಅದರೊಳಗೆ ಓಡಾಡುವ ಒಂದು ಆಟ ಮಾಡಿದರು. ಚಿತ್ರವಿಲ್ಲ, ಸದ್ದಿಲ್ಲ. ಪರದೆ ವರ್ಣಿಸುತ್ತದೆ, ಆಡುವವರು ಒಂದೆರಡು ಪದದಲ್ಲಿ ಆಜ್ಞೆ ಟೈಪ್ ಮಾಡುತ್ತಾರೆ. ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಡಾನ್ ವುಡ್ಸ್ ಕೈಗೆ ಸಿಕ್ಕಿತು. ಅವರಿಗೆ ಮೂಲ ಕೋಡ್ ಬೇಕಿತ್ತು, ಬರೆದವರ ವಿಳಾಸ ಗೊತ್ತಿರಲಿಲ್ಲ. ಆಗಿನ ಜಾಲದಲ್ಲಿದ್ದ ಒಂದೊಂದು ಕಂಪ್ಯೂಟರಿಗೂ 'ಕ್ರೌಥರ್' ಎಂಬ ಹೆಸರಿಗೆ ಮೇಲ್ ಕಳಿಸಿಯೇ ಬಿಟ್ಟರು! ಜಾಲ ಅಷ್ಟು ಚಿಕ್ಕದಿತ್ತು. ಕೋಡ್ ಸಿಕ್ಕಿತು, 1977ರಲ್ಲಿ ವುಡ್ಸ್ ತಿದ್ದಿ ಬೆಳೆಸಿದ ರೂಪ ಹೊರಬಂತು. ಅದೇ 'ಕೊಲೋಸಲ್ ಕೇವ್ ಅಡ್ವೆಂಚರ್'. ಅದನ್ನು ಆಡಿ ಹುರುಪುಗೊಂಡ ಎಂಐಟಿಯ ಹುಡುಗರು 'ಜೋರ್ಕ್' ಬರೆದರು, ಆಮೇಲೆ 1979ರಲ್ಲಿ ಇಂಥ ಆಟಗಳನ್ನು ಮಾಡಿ ಮಾರುವ ಇನ್ಫೋಕಾಮ್ ಕಂಪನಿ ಹುಟ್ಟಿತು.

ಟೈಪ್ ಮಾಡುವುದೋ, ಒತ್ತುವುದೋ

ಇಂದು ಇಂಥ ಕಥೆ ಕಟ್ಟಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದ ಹಾಗೆ ಆಜ್ಞೆ ಟೈಪ್ ಮಾಡಿಸುವುದು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಗ್ರಹಾಮ್ ನೆಲ್ಸನ್ 1993ರಲ್ಲಿ ಹೊರತಂದ 'ಇನ್‌ಫಾರ್ಮ್'. ಇನ್ನೊಂದು, ಪರದೆಯ ಮೇಲೆ ಕಾಣುವ ಲಿಂಕ್‌ಗಳನ್ನು ಒತ್ತಿಸುವುದು. ಇದಕ್ಕೆ ಕ್ರಿಸ್ ಕ್ಲೈಮಾಸ್ 2009ರಲ್ಲಿ ಮಾಡಿದ 'ಟ್ವೈನ್' ಇದೆ, ಉಚಿತ. ಒಂದೊಂದು ತುಣುಕು ಕಥೆಯನ್ನು ಒಂದೊಂದು ಚೌಕದಲ್ಲಿ ಬರೆದು, ಮುಂದಿನ ಚೌಕದ ಹೆಸರನ್ನು ಜೋಡಿ ಚೌಕ ಆವರಣದೊಳಗೆ ಹಾಕಿದರೆ ಲಿಂಕ್ ಆಯಿತು: [[ಅಟ್ಟ ಹತ್ತು]]. ಕೊನೆಗೆ ಸಿಗುವುದು ಯಾವ ಬ್ರೌಸರಿನಲ್ಲೂ ತೆರೆಯುವ ಒಂದು ಫೈಲ್, ಕನ್ನಡ ಅಕ್ಷರಕ್ಕೆ ಅಲ್ಲಿ ಯಾವ ತಕರಾರೂ ಇಲ್ಲ.

ಕನ್ನಡದಲ್ಲಿ ಬರೆಯುವವರು ಲಿಂಕಿನ ದಾರಿಯಲ್ಲೇ ಶುರು ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಟೈಪ್ ಮಾಡಿಸಲು ಹೊರಟರೆ "ಪೆಟ್ಟಿಗೆ ತೆಗೆ" ಎಂಬ ಎರಡೇ ಪದ ಸಾಕು ತಲೆ ಕೆಡಿಸಲು. ಮುಚ್ಚಳ ತೆರೆಯಬೇಕೋ, ಪೆಟ್ಟಿಗೆಯನ್ನು ಅಲ್ಲಿಂದ ಎತ್ತಬೇಕೋ? ಮೇಲಾಗಿ ಒಬ್ಬರು "ಪೆಟ್ಟಿಗೆಯನ್ನು ತೆರೆ" ಎನ್ನುತ್ತಾರೆ, ಇನ್ನೊಬ್ಬರು "ಪೆಟ್ಗೆ ತೆಗಿ" ಎನ್ನುತ್ತಾರೆ, ಮತ್ತೊಬ್ಬರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಮೂವರೂ ಸರಿ, ಕಥೆಗೆ ಮೂವರೂ ಅರ್ಥವಾಗಬೇಕು. ಇಂಗ್ಲಿಷಿನಲ್ಲಿ ಈ ಕೆಲಸವನ್ನು ದಶಕಗಳಿಂದ ಜನ ಮಾಡಿಟ್ಟಿದ್ದಾರೆ, ಕನ್ನಡದಲ್ಲಿ ಬರೆಯುವವರೇ ಕೂತು ಮಾಡಬೇಕು.

ಆದರೆ ಲಿಂಕಿನ ದಾರಿಗೆ ಅದರದ್ದೇ ಒಂದು ಊನ ಇದೆ. ಉತ್ತರ ಕಣ್ಣೆದುರೇ ಬಿದ್ದಿರುತ್ತದೆ. 'ಮಣೆ ನೋಡು', 'ಪುಸ್ತಕ ಓದು', 'ಹಾಸಿದ ಚಾಪೆ ಎತ್ತಿ ನೋಡು' ಎಂದು ಮೂರು ಲಿಂಕ್ ಕೊಟ್ಟರೆ ಚಾಪೆಯಡಿ ಏನೋ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಯೋಚಿಸುವುದೇ ಬೇಡ, ಮೇಲಿಂದ ಕೆಳಗೆ ಎಲ್ಲವನ್ನೂ ಒತ್ತುತ್ತಾ ಹೋದರಾಯಿತು. ಅದಕ್ಕೇ ಲಿಂಕಿನ ಕಥೆಯಲ್ಲಿ ಒಗಟು ಬೇಕಿದ್ದರೆ, ಉತ್ತರವನ್ನು ಆಯ್ಕೆಯ ಪಟ್ಟಿಯಿಂದ ಹೊರಗೆ ಇಡಬೇಕು. ನಂಬರ್ ಬೀಗ ಅಂಥ ಒಂದು ಉಪಾಯ: ಓದುಗರು ಸಂಖ್ಯೆಯನ್ನು ತಾವೇ ತುಂಬಬೇಕು, ಒತ್ತಿ ಒತ್ತಿ ಸಿಗುವುದಲ್ಲ. ಇನ್ನೊಂದು ಉಪಾಯ, ಓದುಗರು ಕಂಡದ್ದನ್ನು ಕಥೆ ನೆನಪಿಟ್ಟುಕೊಳ್ಳುವುದು. ಪುಸ್ತಕದ ಕೊನೆಯ ಹಾಳೆ ಓದಿದವರಿಗೆ ಮಾತ್ರ ಆಮೇಲೆ ಒಂದು ಹೊಸ ಪ್ರಶ್ನೆ ಕೇಳುವ ಅವಕಾಶ ತೆರೆಯುತ್ತದೆ, ಹೀಗೆ.

ಕವಲುಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊಸಬರು ಪ್ರತಿ ತಿರುವಿನಲ್ಲೂ ಕಥೆಯನ್ನು ಒಡೆಯುತ್ತಾರೆ. ಎರಡೆರಡೇ ಆಯ್ಕೆ ಕೊಟ್ಟರೂ ಹತ್ತು ತಿರುವಿಗೆ 1024 ಕೊನೆಗಳಾಗುತ್ತವೆ, ಬರೆದು ಪೂರೈಸುವುದಿಲ್ಲ. ಕವಲೊಡೆದ ದಾರಿಗಳನ್ನು ಮತ್ತೆ ಒಂದೆಡೆ ಸೇರಿಸಿ, ಏನಾಯಿತೆಂಬ ನೆನಪನ್ನು ಮಾತ್ರ ಮುಂದಕ್ಕೆ ಒಯ್ಯುವುದು ಎಲ್ಲರೂ ಕೊನೆಗೆ ಕಲಿಯುವ ಉಪಾಯ.

ಕಷ್ಟವೋ, ಅನ್ಯಾಯವೋ

ಜಗಲಿಯಲ್ಲಿ ಕೂತು ಒಗಟು ಹೇಳುವವರು ಎದುರಿಗೇ ಇರುತ್ತಾರೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?" ಎಂದು ಕೇಳಿ ಮಗುವಿನ ಮುಖ ನೋಡುತ್ತಾರೆ. ಮಗು ಅಡುಗೆಮನೆಯ ಕಡೆ ಯೋಚಿಸುತ್ತಿದೆ ಅನ್ನಿಸಿದರೆ "ತಿನ್ನುವುದಲ್ಲ, ಮುಡಿಯುವುದು" ಎನ್ನುತ್ತಾರೆ. ಮಲ್ಲಿಗೆ ಎಂಬ ಉತ್ತರ ಬಾಯಿಗೆ ಬರುವಷ್ಟೇ ಸುಳಿವು, ಅದಕ್ಕಿಂತ ಒಂದು ಗುಂಜಿಯೂ ಹೆಚ್ಚಲ್ಲ. ಆನ್‌ಲೈನಿನಲ್ಲಿ ಕಥೆ ಹಾಕಿದವರಿಗೆ ಈ ಮುಖ ಕಾಣುವುದಿಲ್ಲ. ಓದುಗರು ಯಾವುದೋ ಊರಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲಿ ಓದುತ್ತಿರುತ್ತಾರೆ. ಅವರು ಹುಬ್ಬು ಗಂಟಿಕ್ಕಿದ್ದು ನಿಮಗೆ ತಿಳಿಯುವುದು ಅವರೇ ಬಂದು ಹೇಳಿದರೆ ಮಾತ್ರ.

ಹೇಳಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇವರು ಕಷ್ಟದಿಂದ ನಿಂತರೋ, ಅನ್ಯಾಯದಿಂದ ನಿಂತರೋ? ಬೇಕಾದ ಮಾಹಿತಿಯೆಲ್ಲ ಕೈಯಲ್ಲಿದ್ದೂ ಜೋಡಿಸಲಾಗದೆ ನಿಂತರೆ ಅದು ಕಷ್ಟ. ಅದು ಇರಲಿ, ಅದಕ್ಕಾಗಿಯೇ ಅವರು ಬಂದದ್ದು. ಬೇಕಾದ ಮಾಹಿತಿಯೇ ಕಥೆಯಲ್ಲಿ ಇಲ್ಲದಿದ್ದರೆ ಅದು ಅನ್ಯಾಯ.

ಚೆನ್ನೆಮಣೆಯ ಒಗಟು ಈಗಿರುವ ರೂಪದಲ್ಲಿ ಶುದ್ಧ ಅನ್ಯಾಯ. ಗುಳಿಗೆ ನಾಲ್ಕು ಎನ್ನುವುದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಕೋಲಾರದ ಓದುಗರಿಗೆ ಈ ಮಣೆ ಏನೆಂದೇ ಗೊತ್ತಿಲ್ಲದಿರಬಹುದು. ಅದಕ್ಕಿಂತ ಫಜೀತಿಯದ್ದು ಒಳನಾಡಿನಲ್ಲಿ ಅಳಗುಳಿ ಮಣೆ ಆಡಿ ಬೆಳೆದವರ ಪಾಡು. ಗುಳಿಗೆ ಎಷ್ಟು ಕಾಳು ಎನ್ನುವುದು ಊರಿಂದ ಊರಿಗೆ, ಆಟದಿಂದ ಆಟಕ್ಕೆ ಬದಲಾಗುತ್ತದೆ. ಐದೈದು ಹಾಕಿ ಆಡಿದವರು ಪೂರ್ತಿ ಸರಿಯಾಗಿ ಯೋಚಿಸಿ, 70 ಎಂದು ತಿರುಗಿಸಿ, ಬೀಗ ತೆರೆಯದೆ ಬೆಪ್ಪಾಗುತ್ತಾರೆ. ಒಗಟನ್ನು ಸರಿಯಾಗಿ ಬಿಡಿಸಿದವರನ್ನೇ ಕಥೆ ತಪ್ಪು ಎಂದಿತು. ಇದಕ್ಕಿಂತ ಕೆಟ್ಟದ್ದಿಲ್ಲ.

ಈ ಜಾತಿಯ ತಪ್ಪಿಗೆ ಪ್ರಸಿದ್ಧ ಉದಾಹರಣೆ 1981ರ 'ಜೋರ್ಕ್ 2'ರಲ್ಲಿದೆ. ವಿಚಿತ್ರ ಕೋನಗಳ ಕೋಣೆಗಳ ಒಂದು ಚಕ್ರವ್ಯೂಹ. ಅದರಿಂದ ಪಾರಾಗಲು ಬೇಸ್‌ಬಾಲ್ ಅಂಗಳದಲ್ಲಿ ಓಟಗಾರ ಓಡುವ ಕ್ರಮದಲ್ಲೇ ದಿಕ್ಕು ಹಿಡಿಯಬೇಕು. ಬೇಸ್‌ಬಾಲ್ ನೋಡಿರದವರಿಗೆ ಅದು ಬರೀ ಗೊಂದಲ. ಇಂಗ್ಲೆಂಡಿನವರಾದ ಗ್ರಹಾಮ್ ನೆಲ್ಸನ್ ಆಟಗಾರರ ಹಕ್ಕುಗಳೆಂದು ಹದಿನೇಳು ಅಂಶಗಳ ಒಂದು ಪಟ್ಟಿ ಮಾಡಿದಾಗ ಅದರಲ್ಲಿ ಒಂದನ್ನು ಇದಕ್ಕೇ ಮೀಸಲಿಟ್ಟರು: ಆಟ ಗೆಲ್ಲಲು ಅಮೆರಿಕದವರಾಗಿರಬೇಕಾದ ಅಗತ್ಯ ಇರಬಾರದು. ಅದೇ ಮಾತು ನಮ್ಮ ಪೆಟ್ಟಿಗೆಗೂ ಸಲ್ಲುತ್ತದೆ. ತೆರೆಯಲು ಪುತ್ತೂರಿನವರೇ ಆಗಿರಬೇಕಿಲ್ಲ.

ಹಾಗಂತ ಚೆನ್ನೆಮಣೆ ಕಿತ್ತುಹಾಕಿ ಎಲ್ಲರಿಗೂ ಗೊತ್ತಿರುವ ಕೇರಂ ಬೋರ್ಡು ಇಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಆ ಮನೆಯೇ ಹೋಯಿತು. ಉತ್ತರವನ್ನು ಸುಲಭ ಮಾಡುವ ಬದಲು ಪ್ರಶ್ನೆಯನ್ನು ಸ್ಪಷ್ಟ ಮಾಡಬೇಕು. ಕಥೆಯ ಶುರುವಿನಲ್ಲೇ, ಪೆಟ್ಟಿಗೆಯ ಸುದ್ದಿ ಬರುವ ಎಷ್ಟೋ ಮುಂಚೆ, ಒಂದು ನೆನಪಿನ ತುಣುಕು ಸೇರಿಸಿ. ಆಟಿ ತಿಂಗಳು, ಹೊರಗೆ ಕಾಲಿಡಲಾಗದ ಮಳೆ, ಜಗಲಿಯಲ್ಲಿ ಅಜ್ಜಿ ಮತ್ತು ಮೊಮ್ಮಗಳು:

"ಒಂದೊಂದು ಗುಳಿಗೆ ನಾಲ್ಕು ನಾಲ್ಕು ಹಾಕು ಮಾರಾಯ್ತಿ. ಅಲ್ಲಿ ನೋಡು, ಮೂರೇ ಹಾಕಿದ್ದಿ. ನನ್ನ ಬದಿಗೆ ಕಮ್ಮಿ ಹಾಕಿ ಗೆಲ್ಲುವ ಅಂದಾಜಾ?"

ಓದುಗರು ಇದನ್ನು ಅಜ್ಜಿಯ ಸ್ವಭಾವ ತೋರಿಸುವ ಮಾತೆಂದು ಓದಿಕೊಂಡು ಹೋಗುತ್ತಾರೆ, ಲೆಕ್ಕ ಎಂದು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ. ನಾಲ್ಕು ಎಂಬ ಸಂಖ್ಯೆ ಮಾತ್ರ ಕಥೆಯೊಳಗೆ ಸೇರಿತು. ಈಗ ಒಗಟು ಮೊದಲಿಗಿಂತ ಸುಲಭವೂ ಅಲ್ಲ, ಅನ್ಯಾಯವೂ ಅಲ್ಲ.

ಪೆಟ್ಟಿಗೆಯೊಳಗೆ ಏನಿರಬೇಕು ಎನ್ನುವುದೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ನೆಲ್ಸನ್ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹಕ್ಕು ಇದು: ಬಿಡಿಸಿದ ಮೇಲಾದರೂ ಒಗಟು ಅರ್ಥವಾಗಬೇಕು. ಅದೃಷ್ಟದಿಂದ 56 ಹೊಡೆದವರು ಮುಚ್ಚಳ ಎತ್ತಿದಾಗ ಮೇಲೆಯೇ ಒಂದು ಬಟ್ಟೆಯ ಚೀಲ, ಅದರಲ್ಲಿ ಮಣೆಯಿಂದ ಕಾಣೆಯಾಗಿದ್ದ ಕಾಯಿಗಳು ಇದ್ದರೆ "ಓಹ್, ಹಾಗಾ!" ಎಂದುಕೊಳ್ಳುತ್ತಾರೆ. ಬರೀ ಒಂದು ಹಳೆಯ ಪತ್ರ ಇದ್ದರೆ ಬೀಗ ಬೇರೆ, ಕಥೆ ಬೇರೆ ಆಗಿ ಉಳಿಯುತ್ತದೆ. "ಇಷ್ಟೇನಾ?" ಎಂಬ ದೂರು ಬಂದರೆ ಅದಕ್ಕೆ ಯಾವ ಸುಳಿವೂ ಮದ್ದಲ್ಲ, ಪೆಟ್ಟಿಗೆಯನ್ನೇ ಮತ್ತೆ ತುಂಬಬೇಕು.

ತಪ್ಪು ಉತ್ತರ ಕೊಟ್ಟವರ ಜೊತೆ ಮಾತು

ಹೊಸದಾಗಿ ಬರೆಯುವವರು ಸರಿ ಉತ್ತರಕ್ಕೆ ಒಂದು ಚೌಕ ಬರೆದು, ಉಳಿದೆಲ್ಲಕ್ಕೂ "ಬೀಗ ತೆರೆಯಲಿಲ್ಲ" ಎಂದು ಒಂದೇ ಸಾಲು ಹಾಕುತ್ತಾರೆ. ಆದರೆ ಹೆಚ್ಚಿನ ಓದುಗರು ಹೆಚ್ಚು ಹೊತ್ತು ಕಳೆಯುವುದು ತಪ್ಪು ಉತ್ತರಗಳ ಜೊತೆಯಲ್ಲೇ. ಮುಖ ನೋಡಿ ಸುಳಿವು ಕೊಡುವ ಕೆಲಸವನ್ನು ಕಥೆಯೇ ಮಾಡಲು ಸಾಧ್ಯವಿರುವುದೂ ಅಲ್ಲಿಯೇ, ಏಕೆಂದರೆ ಅವರು ತುಂಬಿದ ಸಂಖ್ಯೆ ಅವರ ಯೋಚನೆಯನ್ನು ಹೇಳಿಬಿಡುತ್ತದೆ.

14 ತುಂಬಿದವರು ಗುಳಿ ಎಣಿಸಿದ್ದಾರೆ. ಅವರಿಗೆ: "ಚಕ್ರ ತಿರುಗಿತು, ಬೀಗ ಅಲುಗಲಿಲ್ಲ. ಹದಿನಾಲ್ಕು ಗುಳಿ, ಸರಿ. ಖಾಲಿ ಗುಳಿಗೆ ತುಂಬಿದ ಮಣೆ ಅನ್ನುತ್ತಾರೇನು?"

28 ತುಂಬಿದವರು ನಾಲ್ಕನ್ನು ಹಿಡಿದಿದ್ದಾರೆ, ಒಂದು ಸಾಲಿನ ಏಳು ಗುಳಿ ಮಾತ್ರ ಲೆಕ್ಕ ಹಾಕಿದ್ದಾರೆ. ಅವರಿಗೆ: "ನಿನ್ನ ಬದಿ ತುಂಬಿತು. ಎದುರು ಕೂತ ಅಜ್ಜಿಯ ಬದಿ?"

70ಕ್ಕೆ: "ಗುಳಿಗೆ ಐದು ಹಾಕುವ ಮನೆಗಳೂ ಇರಬಹುದು. ಅಜ್ಜಿಯ ಜಗಲಿಯಲ್ಲಿ ಹಾಗೆ ಹಾಕಿದ ನೆನಪಿಲ್ಲ."

ಈ ಮೂರು ಸಾಲು ಬರೆಯಲು ಒಂದು ಗಂಟೆಯೂ ಬೇಡ. ಆದರೆ 28 ಎಂದು ಜನ ತುಂಬುತ್ತಾರೆ ಎನ್ನುವುದು ಬರೆಯುವವರಿಗೆ ಕೂತಲ್ಲೇ ಹೊಳೆಯುವುದು ಅಪರೂಪ. ಅದನ್ನು ಓದುಗರೇ ತಂದುಕೊಡುತ್ತಾರೆ.

ಇದರ ಜೊತೆಗೆ ಒಂದು ಒಣ ವಿಚಾರ ಇದೆ, ಕನ್ನಡದಲ್ಲಿ ಬರೆಯುವವರು ಮರೆಯಬಾರದ್ದು. ಬೀಗಕ್ಕೆ ಮೂರು ಚಕ್ರ ಎಂದು ನೀವೇ ಹೇಳಿದ್ದೀರಿ, ಹಾಗಾಗಿ ಕೆಲವರು 056 ಎಂದು ತುಂಬುತ್ತಾರೆ, ಕೆಲವರು 56. ಕನ್ನಡ ಕೀಲಿಮಣೆ ಇರುವವರು ೫೬ ಎಂದೂ ತುಂಬುತ್ತಾರೆ, ಕಂಪ್ಯೂಟರಿಗೆ ಅದು ಬೇರೆಯೇ ಅಕ್ಷರ. ಫೋನಿನ ಕೀಲಿಮಣೆ ಕೊನೆಗೊಂದು ಖಾಲಿ ಜಾಗ ಸೇರಿಸಿಬಿಡಬಹುದು. ಸಂಖ್ಯೆಯ ಬದಲು ಪದ ಕೇಳಿದರೆ ಇನ್ನೂ ಫಜೀತಿ: 'ಕೀಲಿಕೈ', 'ಕೀಲಿ ಕೈ', 'ಬೀಗದಕೈ', ಒತ್ತಕ್ಷರ ತಡೆಯಲು ನಡುವೆ ಸೇರಿಕೊಳ್ಳುವ ಕಣ್ಣಿಗೆ ಕಾಣದ ಅಕ್ಷರ ಬೇರೆ. ಇವನ್ನೆಲ್ಲ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಿ ನೋಡುವಂತೆ ಮಾಡಿ. ಉತ್ತರ ಗೊತ್ತಿದ್ದೂ ಒಳಗೆ ಹೋಗಲಾಗದವರಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ, ಅವರು ತಿರುಗಿ ಬರುವುದೂ ಇಲ್ಲ.

ಅಭಿಪ್ರಾಯಕ್ಕಿಂತ ಹೆಜ್ಜೆಗುರುತು

ಕಥೆ ಹಾಕಿ "ಹೇಗಿದೆ?" ಎಂದು ಕೇಳಿದರೆ ಸ್ನೇಹಿತರು "ಸೂಪರ್" ಎನ್ನುತ್ತಾರೆ. ಆ ಸೂಪರ್‌ನಿಂದ ಏನೂ ತಿದ್ದಲಾಗುವುದಿಲ್ಲ. ಬೇಕಾದದ್ದು ಅವರು ಏನು ಮಾಡಿದರು ಎನ್ನುವುದರ ದಾಖಲೆ.

ಟೈಪ್ ಮಾಡುವ ಕಥೆಗಳ ಲೋಕದಲ್ಲಿ ಇದಕ್ಕೊಂದು ಗಟ್ಟಿ ಪದ್ಧತಿ ಇದೆ. ಹೊರಬರುವ ಮುಂಚೆ ಆಡಿ ನೋಡುವವರು ಮೊದಲಿಗೇ ಒಂದು ಆಜ್ಞೆ ಕೊಟ್ಟು ಇಡೀ ಆಟವನ್ನು ಫೈಲಿಗೆ ಬರೆಸುತ್ತಾರೆ. ಆಡುತ್ತಾ ಆಡುತ್ತಾ ಏನಾದರೂ ಅನ್ನಿಸಿದರೆ ಒಂದು ನಕ್ಷತ್ರ ಚಿಹ್ನೆ ಹಾಕಿ ಅಲ್ಲೇ ಟಿಪ್ಪಣಿ ಹೊಡೆಯುತ್ತಾರೆ: "* ಈ ಕಿಟಕಿ ತೆರೆಯಬೇಕು ಅನ್ನಿಸ್ತಾ ಇದೆ, ತೆರೆಯಲ್ಲ ಅಂತಿದೆ, ಯಾಕೆ?" ಆ ಫೈಲು ಬರೆದವರ ಕೈಗೆ ಬರುತ್ತದೆ. ಅದನ್ನು ಓದುವುದು ಸ್ವಲ್ಪ ಎದೆಗಾರಿಕೆಯ ಕೆಲಸ. ನೀವು ಮೂರು ದಿನ ಕೂತು ಬರೆದ ವರ್ಣನೆಯನ್ನು ಅವರು ದಾಟಿ ಹೋಗಿರುತ್ತಾರೆ, ಅಲಂಕಾರಕ್ಕೆಂದು ಹಾಕಿದ್ದ ಒಂದು ಕಿಟಕಿಯ ಮುಂದೆ ಹತ್ತು ಸಲ ತಲೆ ಚಚ್ಚಿಕೊಂಡಿರುತ್ತಾರೆ. ಆ ಕಿಟಕಿ ನಿಮ್ಮ ಮಟ್ಟಿಗೆ ಬರೀ ಕಿಟಕಿ, ಅವರ ಮಟ್ಟಿಗೆ ಅದೇ ಒಗಟು.

ಟ್ವೈನ್ ತಾನಾಗಿ ಇಂಥ ಫೈಲು ಕೊಡುವುದಿಲ್ಲ. ಅದಕ್ಕೆ ಬದಲಾಗಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಲ್ಲವೇ ಪರದೆ ಹಂಚಿಕೊಳ್ಳಲು ಹೇಳಿ, ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತಾ ಓದಲು ಹೇಳಿ. ಆಮೇಲೆ ನೀವು ತುಟಿ ಪಿಟಕ್ಕೆನ್ನಬಾರದು. ನಮ್ಮವರಿಗೆ ಇದು ಬಲು ಕಷ್ಟ, ಎದುರಿಗಿದ್ದವರು ತಡವರಿಸಿದರೆ ಸಹಾಯ ಮಾಡದೆ ಇರಲಾಗುವುದಿಲ್ಲ. ಆದರೆ ನೀವು ಹೇಳಿಕೊಟ್ಟ ಕ್ಷಣ ಆ ಓದುಗರು ಓದುಗರಾಗಿ ಉಳಿಯುವುದಿಲ್ಲ. ಉತ್ತರ ತಿಳಿದವರು ಮತ್ತೆ ತಿಳಿಯದವರಾಗಲು ಸಾಧ್ಯವಿಲ್ಲ. ಹೀಗಾಗಿ ಪರಿಚಯದವರನ್ನೆಲ್ಲ ಮೊದಲ ಕರಡಿಗೇ ಖರ್ಚು ಮಾಡಬೇಡಿ. ಇಬ್ಬರಿಂದ ಓದಿಸಿ, ತಿದ್ದಿ, ಆಮೇಲೆ ಹೊಸ ಇಬ್ಬರಿಂದ ಓದಿಸಿ. ಅವರಲ್ಲೊಬ್ಬರು ಕಥೆಯ ಊರಿನವರಲ್ಲದಿರಲಿ.

ದೂರದಲ್ಲಿರುವವರನ್ನು ಕೇಳುವುದಾದರೆ ಪ್ರಶ್ನೆ ಬದಲಿಸಿ: ಎಲ್ಲಿ ನಿಂತಿರಿ? ಆಗ ಏನು ಪ್ರಯತ್ನಿಸುತ್ತಿದ್ದಿರಿ? ಉತ್ತರ ತಿಳಿದ ಮೇಲೆ "ಛೇ, ಹೊಳೀಬೇಕಿತ್ತು" ಅನ್ನಿಸಿತೋ, "ಇದು ಹೇಗೆ ಹೊಳೆಯುತ್ತೆ?" ಅನ್ನಿಸಿತೋ? ಕೊನೆಯ ಪ್ರಶ್ನೆಯೊಂದೇ ಕಷ್ಟವನ್ನೂ ಅನ್ಯಾಯವನ್ನೂ ಬೇರೆ ಮಾಡಿಕೊಡುತ್ತದೆ.

ಬರುವ ಸಲಹೆಗಳಲ್ಲಿ ಜಾಗವನ್ನು ನಂಬಿ, ಪರಿಹಾರವನ್ನು ಅನುಮಾನಿಸಿ. "ಪೆಟ್ಟಿಗೆ ಒಡೆಯೋಕೆ ಒಂದು ಸುತ್ತಿಗೆ ಕೊಡಿ ಸ್ವಾಮಿ" ಎಂದು ಒಬ್ಬರು ಬರೆದರೆ ಸುತ್ತಿಗೆ ಕೊಡಬೇಕಾಗಿಲ್ಲ. ಆದರೆ ಒಡೆಯುವ ಯೋಚನೆ ಸಹಜವಾದದ್ದು, ಕಥೆಯಲ್ಲಿ ಅದಕ್ಕೆ ಉತ್ತರವೇ ಇಲ್ಲದಿರುವುದು ಕೊರತೆ. 'ಒಡೆದು ನೋಡು' ಎಂಬ ಲಿಂಕ್ ಇಟ್ಟು, ಮೊಮ್ಮಗಳು ಕೆಳಗಿಂದ ಕತ್ತಿ ತಂದು ಎತ್ತಿ, ಮುಚ್ಚಳದ ಮೇಲಿನ ಅಜ್ಜಿಯ ಕೈ ತಾಗಿ ಸವೆದ ಜಾಗ ನೋಡಿ ಇಳಿಸುವ ಹಾಗೆ ಬರೆಯಿರಿ. ಯಾಕೆ ಆಗದು ಎನ್ನುವುದಕ್ಕೆ ಕಾರಣ ಸಿಕ್ಕಿತು, ಪಾತ್ರವೂ ಒಂದು ಗೇಣು ಬೆಳೆಯಿತು. ಅರ್ಧ ಜನ ಸುಲಭ ಎಂದು, ಅರ್ಧ ಜನ ಕಷ್ಟ ಎಂದು ಹೇಳಿದರೆ ಅದು ದೂರೇ ಅಲ್ಲ. ಎಲ್ಲರೂ ಒಂದೇ ಜಾಗದಲ್ಲಿ ನಿಂತರೆ ಮಾತ್ರ ಅಲ್ಲಿಗೆ ಹೋಗಿ ನೋಡಿ.

ಒಂದು ಬಗೆಯ ದೂರಿಗೆ ಮಾತ್ರ ಮಾತಿಲ್ಲದೆ ತಲೆಬಾಗಬೇಕು: "ಹಿಂದೆಲ್ಲೋ ಏನೋ ಬಿಟ್ಟಿದ್ದೆ, ಈಗ ಮುಂದೆ ಹೋಗೋಕೇ ಆಗಲ್ಲ." ಇನ್ಫೋಕಾಮ್‌ನ 1984ರ ಒಂದು ಹಾಸ್ಯದ ಆಟದಲ್ಲಿ ಶುರುವಿನಲ್ಲೇ ಒಂದು ನಾಯಿಗೆ ಸ್ಯಾಂಡ್‌ವಿಚ್ ಹಾಕಬೇಕು. ಹಾಕದಿದ್ದರೆ ಎಷ್ಟೋ ಹೊತ್ತಿನ ಮೇಲೆ ಆಟ ಸೋಲುತ್ತದೆ, ಅಷ್ಟರಲ್ಲಿ ನಾಯಿಯ ಬಳಿ ಹಿಂತಿರುಗುವ ದಾರಿಯೇ ಇರುವುದಿಲ್ಲ. ಆ ಕಾಲದಲ್ಲಿ ಇದನ್ನು ಜನ ನಕ್ಕು ಸಹಿಸಿದರು. ಆಮೇಲೆ ಆಂಡ್ರ್ಯೂ ಪ್ಲಾಟ್ಕಿನ್ ಎಂಬ ಬರಹಗಾರರು ಆಟಗಳ ಕ್ರೌರ್ಯವನ್ನು ಅಳೆಯಲು ಕರುಣಾಳುವಿನಿಂದ ಕ್ರೂರಿಯವರೆಗೆ ಐದು ಮೆಟ್ಟಿಲಿನ ಒಂದು ಅಳತೆಗೋಲನ್ನೇ ಮಾಡಿದರು. ಫೋನಿನಲ್ಲಿ ಓದುವ ಇಂದಿನವರಿಗೆ ಮೊದಲ ಮೆಟ್ಟಿಲೇ ಸರಿ: ಎಂದೂ ಸಿಕ್ಕಿಹಾಕಿಕೊಳ್ಳದ ಕಥೆ.

ಸುಳಿವು ಕೇಳಿದಾಗ, ಕಂತು ಬರೆಯುವಾಗ

"ಉತ್ತರ ಏನು?" ಎಂದು ಎಲ್ಲರೂ ನೋಡುವ ಜಾಗದಲ್ಲಿ ಒಬ್ಬರು ಕೇಳುತ್ತಾರೆ. ಹೇಳಿದರೆ ಉಳಿದವರ ಆಟ ಕೆಡುತ್ತದೆ, ಹೇಳದಿದ್ದರೆ ಇವರು ಹೋಗುತ್ತಾರೆ. ಇನ್ಫೋಕಾಮ್ ಕಾಲದಲ್ಲಿ ಜನ ಕಾಗದ ಬರೆದು ಸುಳಿವು ಕೇಳುತ್ತಿದ್ದರು, ಜೋರ್ಕ್ ಪರೀಕ್ಷಿಸಿದ್ದ ಮೈಕ್ ಡಾರ್ನ್‌ಬ್ರೂಕ್ ಉತ್ತರ ಬರೆಯುತ್ತಿದ್ದರು. ಕಾಗದ ಹೆಚ್ಚಾದಾಗ ಅವರು ಹೂಡಿದ ಉಪಾಯ 'ಇನ್‌ವಿಸಿಕ್ಲೂಸ್': ಕಣ್ಣಿಗೆ ಕಾಣದ ಶಾಯಿಯಲ್ಲಿ ಅಚ್ಚು ಹಾಕಿದ ಸುಳಿವಿನ ಪುಸ್ತಕ. ಜೊತೆಗೆ ಬರುವ ಪೆನ್ನು ಉಜ್ಜಿದರೆ ಒಂದೊಂದೇ ಸುಳಿವು ಮೂಡುತ್ತದೆ. ಮೊದಲನೆಯದು ಬರೀ ದಿಕ್ಕು, ಕೊನೆಯದು ನೇರ ಉತ್ತರ. ಎಷ್ಟು ಉಜ್ಜಬೇಕೆನ್ನುವುದು ಓದುಗರಿಗೇ ಬಿಟ್ಟದ್ದು. ಪ್ರಶ್ನೆಗಳ ಪಟ್ಟಿ ನೋಡಿಯೇ ಕಥೆ ಊಹಿಸಿಬಿಡಬಾರದೆಂದು ನಡುನಡುವೆ ಸುಳ್ಳು ಪ್ರಶ್ನೆಗಳನ್ನೂ ಸೇರಿಸುತ್ತಿದ್ದರು. ಟ್ವೈನ್‌ನಲ್ಲಿ ಇದನ್ನು ಮಾಡುವುದು ಸಲೀಸು, ಒತ್ತಿದರೆ ಬಿಚ್ಚಿಕೊಳ್ಳುವ ಮೂರು ಸಾಲು ಸಾಕು: "ಮಣೆಯನ್ನು ಹೇಗೆ ತುಂಬುತ್ತಾರೆ?", "ಮಳೆಗಾಲದ ಜಗಲಿ ನೆನಪಿದೆಯೇ?", "ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು."

ಕಥೆಯನ್ನು ಕಂತು ಕಂತಾಗಿ ಹಾಕುವವರ ಪಾಡು ಬೇರೆ. ಅಲ್ಲಿ ಓದುಗರ ಮಾತು ಕಥೆಯೊಳಗೇ ನುಗ್ಗುತ್ತದೆ. ಅಮೆರಿಕದ ಆಂಡ್ರ್ಯೂ ಹಸಿ 2006ರಲ್ಲಿ ಶುರು ಮಾಡಿದ ಒಂದು ಚಿತ್ರಕಥೆ ಈ ಹುಚ್ಚಿನ ತುದಿ. ಒಂದು ಚಿತ್ರ ಹಾಕುವುದು, ಮುಂದೇನು ಮಾಡಬೇಕೆಂದು ಓದುಗರು ಆಜ್ಞೆ ಬರೆಯುವುದು, ಬಂದದ್ದನ್ನು ಹಿಡಿದು ಮುಂದಿನ ಚಿತ್ರ ಬರೆಯುವುದು. ಕಥೆ ಹಳಿ ತಪ್ಪಿ ಎಲ್ಲೆಲ್ಲೋ ಹೋಯಿತು, ತಮಾಷೆಯೂ ಅದರಲ್ಲೇ ಇತ್ತು. ಆಮೇಲಿನ ಕಥೆಗಳಲ್ಲಿ ಅವರು ಬಂದ ಆಜ್ಞೆಗಳಿಂದ ಆರಿಸತೊಡಗಿದರು. 2009ರ ಏಪ್ರಿಲ್ 13ರಂದು ಶುರುವಾದ 'ಹೋಮ್‌ಸ್ಟಕ್'ನಲ್ಲಿ ಮುಖ್ಯ ಪಾತ್ರಗಳ ಹೆಸರುಗಳೂ ಓದುಗರಿಂದ ಬಂದವು. ಓದುಗರ ಸಂಖ್ಯೆ ಬೆಳೆದ ಮೇಲೆ ಆ ಸಲಹೆಯ ಪೆಟ್ಟಿಗೆ ಮುಚ್ಚಿತು. ಅಷ್ಟು ಜನ ಒಟ್ಟಿಗೆ ಕೂಗುವಾಗ ಬರೆಯುವವರು ತಮಗೆ ಮೊದಲೇ ಬೇಕಿದ್ದ ಸಲಹೆಯನ್ನು ಯಾವಾಗಲೂ ಹುಡುಕಿಕೊಳ್ಳಬಹುದು, ಆಗ ಕೇಳುವುದು ಬರೀ ಶಾಸ್ತ್ರವಾಗುತ್ತದೆ.

ಕಂತಿನ ಒಗಟಿನಲ್ಲಿ ಇನ್ನೊಂದು ಆಮಿಷ ಇದೆ. ಮೂರನೇ ಕಂತಿನಲ್ಲೇ ಒಬ್ಬರು ಇಡೀ ರಹಸ್ಯ ಊಹಿಸಿ ಎಲ್ಲರೆದುರು ಬರೆದುಬಿಡುತ್ತಾರೆ. ಉತ್ತರ ಬದಲಿಸಿ ಅವರನ್ನು ಮೀರಿಸಬೇಕು ಅನ್ನಿಸುತ್ತದೆ. ಬದಲಿಸಿದರೆ ಹಿಂದಿನ ಕಂತುಗಳಲ್ಲಿ ನೀವೇ ಇಟ್ಟ ಸುಳಿವುಗಳೆಲ್ಲ ಸುಳ್ಳಾಗುತ್ತವೆ, ಗಮನವಿಟ್ಟು ಓದಿದವರಿಗೇ ದ್ರೋಹವಾಗುತ್ತದೆ. ಊಹೆ ಸರಿಯಾದದ್ದು ಸುಳಿವು ನ್ಯಾಯವಾಗಿತ್ತೆಂಬುದಕ್ಕೆ ಸಾಕ್ಷಿ. ಅದಕ್ಕೆ ಹೌದು, ಅಲ್ಲ ಏನೂ ಹೇಳದೆ ಬರೆಯುತ್ತಾ ಹೋಗಿ.

ತಿದ್ದಿದ ಪ್ರತಿ ಹಾಕುವಾಗ ಕೆಲವು ಸಣ್ಣ ಎಚ್ಚರಿಕೆಗಳು. ಟ್ವೈನ್‌ನ ಚೌಕಗಳ ಹೆಸರು ಬದಲಿಸಿದರೆ ಅರ್ಧ ಓದಿ ಸೇವ್ ಮಾಡಿಕೊಂಡವರ ಹಳೆಯ ಸೇವ್ ಕೈಕೊಡಬಹುದು. ಹೆಸರು ಹಾಗೇ ಇಟ್ಟು ಒಳಗಿನ ಬರಹ ಮಾತ್ರ ತಿದ್ದಿ. ಬ್ರೌಸರಿನಲ್ಲಿ ಟ್ವೈನ್ ಬಳಸುವವರ ಕಥೆ ಆ ಬ್ರೌಸರಿನ ಒಳಗೇ ಕೂತಿರುತ್ತದೆ, ಯಾವತ್ತೋ ಎಲ್ಲ ಅಳಿಸಿ ಸ್ವಚ್ಛ ಮಾಡಿದರೆ ಅದೂ ಹೋಯಿತು. ಪ್ರತಿ ಸಲ ತಿದ್ದಿದಾಗಲೂ ಫೈಲಾಗಿ ಇಳಿಸಿ, ತಾರೀಕು ಹಾಕಿ ಬೇರೆಡೆ ಇಡಿ. ಏನೇನು ತಿದ್ದಿದಿರಿ ಎನ್ನುವುದನ್ನು ಕಥೆಯ ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ, ಉತ್ತರ ಬಿಟ್ಟುಕೊಡದೆ: "ಅಟ್ಟದ ಭಾಗದಲ್ಲಿ ಕನ್ನಡ ಅಂಕಿಗಳೂ ಈಗ ನಡೆಯುತ್ತವೆ. ಶುರುವಿನ ಮಳೆಗಾಲದ ಭಾಗವನ್ನು ಬೆಳೆಸಿದ್ದೇನೆ, ಅಟ್ಟದಲ್ಲಿ ನಿಂತು ಹೋಗಿದ್ದವರು ಅಲ್ಲಿಂದ ಮತ್ತೆ ಓದಿ." ದೂರು ಕೊಟ್ಟವರು ಅದನ್ನು ನೋಡಿಯೇ ಮತ್ತೆ ಕಥೆ ತೆರೆಯುತ್ತಾರೆ.